ದಿಲ್ಲಿಯ ಥಂಡಿಯಲ್ಲಿ ಗೋಡೆ ಒಣಗಿಸಿದ್ದು

ದಿಲ್ಲಿಯ ಥಂಡಿ ಅಂದರೆ ಊರಿನವರಿಗೆ ನೆನಪಾಗುವುದು ಸ್ವೆಟರು, ಮಂಜಿನಲ್ಲಿ ತಡವಾಗುವ ರೈಲು, ಟೀವಿಯಲ್ಲಿ ನೋಡಿದ ಜನವರಿ 26ರ ಪರೇಡು. ನನಗೆ ನೆನಪಾಗುವುದು ಒಣಗದ ಗೋಡೆ. ಹಾವೇರಿಯಿಂದ ಅವ್ವ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಿದ್ದಳು, "ಥಂಡಿ ಭಾಳ ಐತೇನೋ ತಮ್ಮಾ? ಕಿವೀಗೆ ಮಫ್ಲರ್ ಕಟಗೊಂಡೀಯಿಲ್ಲೋ?" ಒಂದು ಸಲ ಬೇಸರದಲ್ಲಿ ಹೇಳಿಬಿಟ್ಟೆ: "ನನ್ನ ಕಿವೀಗೆ ಕಟಗೋತೀನವ್ವಾ, ಗೋಡೀಗೆ ಏನ ಕಟ್ಟಲಿ?" ಅವ್ವನಿಗೆ ಅರ್ಥವಾಗಲಿಲ್ಲ. ಮಗನಿಗೆ ಜ್ವರ ಬಂದಿರಬೇಕು ಅಂತ ಕಷಾಯದ ಪುಡಿ ಪಾರ್ಸಲ್ ಮಾಡಿದಳು.

ಹುಬ್ಬಳ್ಳಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಮುಗಿಸಿ, ಎರಡು ವರ್ಷ ಅಲ್ಲಿಯೇ ಸೈಟು ನೋಡಿಕೊಂಡು, 2004ರಲ್ಲಿ ದಿಲ್ಲಿಗೆ ಬಂದೆ. ದ್ವಾರಕಾದಲ್ಲಿ ಆಗ ಎಲ್ಲಿ ನೋಡಿದರೂ ಗ್ರೂಪ್ ಹೌಸಿಂಗ್ ಸೊಸೈಟಿಗಳ ಕಟ್ಟಡ ಏಳುತ್ತಿದ್ದವು. ಕೆಲಸ ಬರುತ್ತದೆ ಅನ್ನುವ ಜಂಬ ಇತ್ತು. ಭಾಷೆ ಬರುತ್ತಿರಲಿಲ್ಲ, ಹಿಂದಿಯದಲ್ಲ, ಸೈಟಿನ ಭಾಷೆ. ನಮ್ಮಲ್ಲಿ ಲಿಂಟಲ್ ಅಂದರೆ ಬಾಗಿಲು ಕಿಟಕಿಗಳ ತಲೆಯ ಮೇಲಿನ ತೊಲೆ. ಮೊದಲ ವಾರವೇ ಮುನ್ಷಿ "ಕಲ್ ಲೆಂಟರ್ ಡಾಲೇಂಗೆ" ಅಂದ. ಓ, ಸಣ್ಣ ಕೆಲಸ ಅಂದುಕೊಂಡು ಬೆಳಿಗ್ಗೆ ಆರಾಮಾಗಿ ಒಂಬತ್ತಕ್ಕೆ ಹೋದರೆ ಮಿಕ್ಸರ್ ತಿರುಗುತ್ತಿದೆ, ನಲವತ್ತು ಐವತ್ತು ಜನ ತಲೆಯ ಮೇಲೆ ತಸಲಾ ಹೊತ್ತು ಸಾಲಾಗಿ ಏರುತ್ತಿದ್ದಾರೆ! ದಿಲ್ಲಿಯಲ್ಲಿ ಲೆಂಟರ್ ಅಂದರೆ ಇಡೀ ಛಾವಣಿ, ನಾವು ಮೋಲ್ಡ್ ಹಾಕೋದು ಅನ್ನುತ್ತೇವಲ್ಲ ಅದು. ಕ್ಯೂರಿಂಗಿಗೆ 'ತರಾಯಿ'. ಗೋಡೆಯ ಪಸೆಗೆ 'ಸೀಲನ್'. ಗೋಡೆ ಉಪ್ಪು ಬಿಟ್ಟರೆ 'ಶೋರಾ'. ಈ ಕೊನೆಯ ಎರಡು ಶಬ್ದಗಳನ್ನು ಕಲಿಯಲು ನನಗೆ ಒಂದು ಚಳಿಗಾಲ ಸಾಕಾಯಿತು.

ಆ ಮೊದಲ ಚಳಿಗಾಲದಲ್ಲೇ ಒಂದು ಪೆಟ್ಟು ತಿಂದೆ. ನಾಲ್ಕು ಮೀಟರ್ ಅಗಲದ ಸ್ಲ್ಯಾಬು. ಹುಬ್ಬಳ್ಳಿಯ ಲೆಕ್ಕದಂತೆ ಏಳು ದಿನ ಆಯಿತು, ಎಂಟನೆಯ ದಿನ ಸೆಂಟ್ರಿಂಗ್ ಬಿಚ್ಚಿ ಅಂದೆ. ಪುಸ್ತಕದಲ್ಲೂ ಹಾಗೇ ಇದೆ. ನಾಲ್ಕೂವರೆ ಮೀಟರ್ ಒಳಗಿನ ಸ್ಲ್ಯಾಬಿಗೆ ಏಳು ದಿನ, ಅದಕ್ಕಿಂತ ದೊಡ್ಡದಕ್ಕೆ ಹದಿನಾಲ್ಕು. ಆದರೆ ಅದೇ ಪುಟದಲ್ಲಿ ಇನ್ನೊಂದು ಮಾತಿದೆ. ಈ ಲೆಕ್ಕ ಹವೆ 15 ಡಿಗ್ರಿಗಿಂತ ಕೆಳಗೆ ಇಳಿಯದ ಕಡೆ ಮಾತ್ರ, ಅದೂ ಸಾದಾ ಸಿಮೆಂಟಿಗೆ. ಹುಬ್ಬಳ್ಳಿಯಲ್ಲಿ ಆ ಸಾಲನ್ನು ಯಾರೂ ಓದುವುದಿಲ್ಲ, ಓದುವ ಅಗತ್ಯ ಅಷ್ಟಾಗಿ ಬೀಳುವುದೂ ಇಲ್ಲ. ದಿಲ್ಲಿಯಲ್ಲಿ ಡಿಸೆಂಬರ್ ಕೊನೆಗೆ ರಾತ್ರಿ ಏಳು ಡಿಗ್ರಿ, ಒಮ್ಮೊಮ್ಮೆ ನಾಲ್ಕು. ಮೇಲಾಗಿ ನಾವು ಬಳಸಿದ್ದು ಹಾರುಬೂದಿ ಬೆರೆತ ಸಿಮೆಂಟು, ಅದು ಚಳಿಯಲ್ಲಿ ಇನ್ನೂ ಸೋಮಾರಿ. ಊರೆಗಂಬ ತೆಗೆದ ಮಾರನೆಯ ದಿನ ಸ್ಲ್ಯಾಬಿನ ಹೊಟ್ಟೆಯಲ್ಲಿ ಕೂದಲೆಳೆಯಂಥ ಬಿರುಕು. ಎದೆ ಧಸಕ್ಕೆಂದಿತು. ಓಡಿಹೋಗಿ ಮತ್ತೆ ಊರೆ ಕೊಡಿಸಿದೆ.

ನನ್ನ ಮೇಲಿನ ಇಂಜಿನಿಯರು, ಅಲಹಾಬಾದಿನ ಹಿರಿಯರು, ಬೈಯಲಿಲ್ಲ. ಆಫೀಸಿನ ಹಿಂದಿದ್ದ ನೀರಿನ ತೊಟ್ಟಿಗೆ ಕರೆದುಕೊಂಡು ಹೋದರು. ಪರೀಕ್ಷೆಗೆ ಎರಕ ಹೊಯ್ದ ಕಾಂಕ್ರೀಟಿನ ಕ್ಯೂಬುಗಳು ಅದರಲ್ಲಿ ಮುಳುಗಿದ್ದವು. "ಕೈ ಹಾಕು" ಅಂದರು. ಬೆಚ್ಚಗಿತ್ತು. ನಿಯಮದ ಪ್ರಕಾರ ಆ ನೀರು 27 ಡಿಗ್ರಿಯ ಆಸುಪಾಸು ಇರಬೇಕು, ಅದಕ್ಕೆ ಹೀಟರ್ ಇತ್ತು. "ಈ ಕ್ಯೂಬು ಇಲ್ಲಿ ರಜಾಯಿ ಹೊದ್ದು ಮಲಗಿದೆ. ನಿನ್ನ ಸ್ಲ್ಯಾಬು ಹೊರಗೆ ಬರಿಮೈಯಲ್ಲಿ ಮಲಗಿದೆ. ಇದರ ರಿಪೋರ್ಟು ನೋಡಿ ಅದರ ಕಂಬ ತೆಗೀತೀಯಲ್ಲ ಭಾಯಿ?" ಅವತ್ತಿನಿಂದ ಪ್ರತಿ ಸ್ಲ್ಯಾಬಿಗೂ ಮೂರು ಕ್ಯೂಬು ಹೆಚ್ಚಿಗೆ ಹೊಯ್ದು ಸ್ಲ್ಯಾಬಿನ ಪಕ್ಕದಲ್ಲೇ, ಅದೇ ಗೋಣಿಚೀಲದ ಕೆಳಗೆ ಇಡಿಸುತ್ತಿದ್ದೆ. ಚಳಿಯಲ್ಲಿ ಅವು ಒಡೆಯುವ ಭಾರವನ್ನು ನೋಡಿದ ಮೇಲೆ ಏಳು ದಿನ ಅನ್ನುವ ಮಾತು ನನ್ನ ಬಾಯಲ್ಲಿ ಬಂದಿಲ್ಲ.

ದಿಲ್ಲಿಯಲ್ಲಿ ಕಾಂಕ್ರೀಟು ಹೆಪ್ಪುಗಟ್ಟುವುದು ಅಪರೂಪ. ಆ ಸಮಸ್ಯೆ ಲೇಹ್‌ನಂಥ ಕಡೆಯದು. ನಮ್ಮ ದೇಶದ ನಿಯಮ ಐದು ಡಿಗ್ರಿ ಮತ್ತು ಅದಕ್ಕಿಂತ ಕೆಳಗೆ ಹಾಕುವ ಕಾಂಕ್ರೀಟಿಗೆ ಮಾತ್ರ 'ಶೀತಹವೆಯ' ಕಾಂಕ್ರೀಟು ಅಂತ ಬೇರೆ ಶಾಸ್ತ್ರ ಹೇಳುತ್ತದೆ. ದಿಲ್ಲಿಯಲ್ಲಿ ಅಂಥ ಬೆಳಗುಗಳು ಬೆರಳೆಣಿಕೆಯಷ್ಟು. ಅವತ್ತು ಡ್ರಮ್ಮಿನಲ್ಲಿ ನೀರು ಕಾಯಿಸಿ ಬೆರೆಸುತ್ತಿದ್ದೆವು. ಕಾಯಿಸುವುದು ನೀರನ್ನೇ, ಸಿಮೆಂಟನ್ನಲ್ಲ. ಒಂದು ಕಿಲೋ ನೀರು ಅಷ್ಟೇ ತೂಕದ ಸಿಮೆಂಟು ಜಲ್ಲಿಗಿಂತ ನಾಲ್ಕೈದು ಪಟ್ಟು ಶಾಖ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಕುದಿಯುವ ನೀರನ್ನು ನೇರವಾಗಿ ಸಿಮೆಂಟಿನ ಮೇಲೆ ಸುರಿದರೆ ಮಿಕ್ಸರಿನಲ್ಲೇ ಗಟ್ಟಿಯಾಗಿ ಕೂರುತ್ತದೆ. ಮೊದಲು ಜಲ್ಲಿ ಮರಳಿಗೆ ಹಾಕಿ ತಿರುಗಿಸಿ ಆಮೇಲೆ ಸಿಮೆಂಟು. ಸಂಜೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಗೋಣಿಚೀಲ, ಸಿಕ್ಕರೆ ಭತ್ತದ ಹುಲ್ಲು. ಸಿಮೆಂಟಿಗೆ ತನ್ನದೇ ಬಿಸಿ ಇರುತ್ತದೆ, ಅದು ಹೋಗದಂತೆ ಹೊದಿಸಿದರೆ ಸಾಕು. ಹಸುಗೂಸಿನ ಆರೈಕೆಯೇ ಅನ್ನಿ.

ನಿಜವಾದ ತೊಂದರೆ ಛಾವಣಿಯದಲ್ಲ, ಒಳಗಿನ ಗೋಡೆಯದು. ನಾನು ಹೇಳಬೇಕೆಂದಿರುವುದೂ ಅದನ್ನೇ, ಇಷ್ಟು ಹೊತ್ತು ಸುತ್ತಿ ಬಳಸಿ ಬಂದೆ.

2005ರ ಡಿಸೆಂಬರ್. ನಾನಾಗ ಇನ್ನೊಂದು ಸೊಸೈಟಿಯ ಸೈಟಿನಲ್ಲಿದ್ದೆ. ಮೂರನೆಯ ಮಹಡಿಯಲ್ಲಿ ಒಂದು ಸ್ಯಾಂಪಲ್ ಫ್ಲ್ಯಾಟು ತಯಾರಾಗಬೇಕಿತ್ತು. ಜನವರಿ 26ಕ್ಕೆ ಸದಸ್ಯರೆಲ್ಲ ಹೆಂಡತಿ ಮಕ್ಕಳೊಂದಿಗೆ ಬಂದು ನೋಡುತ್ತಾರೆ, ಬಣ್ಣ ಹಚ್ಚಿ ದೀಪ ಉರಿಯಬೇಕು ಅಂತ ಠೇಕೇದಾರ ಮಾತು ಕೊಟ್ಟಿದ್ದ. ಪ್ಲಾಸ್ಟರ್ ಮುಗಿದದ್ದೇ ಡಿಸೆಂಬರ್ ಹದಿನೈದಕ್ಕೆ. ಅದರ ಮೇಲೆ ದಿಲ್ಲಿಯ ರೂಢಿಯಂತೆ ಪಿಓಪಿಯ ತೆಳು ಲೇಪ, ಅದರ ಮೇಲೆ ಬಣ್ಣ.

ಗೋಡೆಯಲ್ಲಿ ಎಷ್ಟು ನೀರಿರುತ್ತದೆ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಒಂದು ಚೀಲ ಸಿಮೆಂಟು ಐವತ್ತು ಕಿಲೋ. ಅದಕ್ಕೆ ಕಡಿಮೆಯೆಂದರೂ ಇಪ್ಪತ್ತೈದು ಲೀಟರ್ ನೀರು ಹಾಕುತ್ತೇವೆ. ಗಾರೆಗೆ ಇನ್ನೂ ಹೆಚ್ಚು. ಸಿಮೆಂಟು ತನ್ನೊಳಗೆ ಸೇರಿಸಿಕೊಳ್ಳುವುದು ಹನ್ನೊಂದು ಹನ್ನೆರಡು ಲೀಟರ್. ಉಳಿದದ್ದರಲ್ಲಿ ಬಹುಪಾಲು ಎಂದಾದರೊಂದು ದಿನ ಹೊರಗೆ ಬರಲೇಬೇಕು. ಇದಲ್ಲದೆ ಇಟ್ಟಿಗೆ ನೆನೆಸಿದ ನೀರು, ವಾರಗಟ್ಟಲೆ ತರಾಯಿ ಹೊಡೆದ ನೀರು. ಹುಬ್ಬಳ್ಳಿಯಲ್ಲಿ ಗಾಳಿ, ಬಿಸಿಲು ಸೇರಿ ಈ ಲೆಕ್ಕ ಚುಕ್ತಾ ಮಾಡಿಬಿಡುತ್ತವೆ. ದಿಲ್ಲಿಯಲ್ಲಿ ಡಿಸೆಂಬರ್ ಕೊನೆಯಿಂದ ಜನವರಿಯ ಮೂರು ವಾರ ಬೆಳಿಗ್ಗೆ ಮಂಜು, ಮಧ್ಯಾಹ್ನ ಪೇಲವ ಬಿಸಿಲು, ನಾಲ್ಕೂವರೆಗೆ ಮತ್ತೆ ಕತ್ತಲೆಯ ಸುಳಿವು. ಮಂಜಿನ ಗಾಳಿಗೆ ತನ್ನ ನೀರೇ ಹೆಚ್ಚಾಗಿರುವಾಗ ಗೋಡೆಯ ನೀರನ್ನು ಅದೆಲ್ಲಿ ಇಟ್ಟುಕೊಂಡೀತು?

ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಚ್ಚಿ ಅಂಟಿಸಿ ರಾತ್ರಿಯಿಡೀ ಬಿಡುತ್ತಿದ್ದೆವು. ಬೆಳಿಗ್ಗೆ ಹಾಳೆಯ ಒಳಮೈಗೆ ಹನಿ ಕಟ್ಟಿದ್ದರೆ ಗೋಡೆ ಇನ್ನೂ ಹಸಿ ಅಂತ. ಜನವರಿ ಮೊದಲ ವಾರ ನೋಡಿದರೆ ಹನಿ ಅಲ್ಲ, ನೀರು ಕೆಳಗೆ ಇಳಿದು ಟೇಪಿನ ಹತ್ತಿರ ನಿಂತಿತ್ತು. ಆದರೂ ಒಂದು ಕೋಣೆಗೆ ಪಿಓಪಿ ಎಳೆಸಿದರು. ಮೂರು ದಿನದಲ್ಲಿ ಹಪ್ಪಳದ ಹಾಗೆ ಎದ್ದಿತು. ಬಚ್ಚಲಿನ ಪಕ್ಕದ ಮೂಲೆಯಲ್ಲಿ ಆಗಲೇ ಕಪ್ಪು ಬೂಷ್ಟು.

ಆಗ ನಾನು ಸೈಟ್ ರಿಜಿಸ್ಟರಿನಲ್ಲಿ ಬರೆದ ಸಾಲು ಇವತ್ತಿಗೂ ಬಾಯಿಪಾಠ: 'ಸ್ಯಾಂಪಲ್ ಫ್ಲ್ಯಾಟಿನ ಎಲ್ಲ ಕಿಟಕಿ, ಬಾಗಿಲುಗಳನ್ನು ಪಾಲಿಥಿನ್‌ನಿಂದ ಪೂರ್ತಿ ಮುಚ್ಚತಕ್ಕದ್ದು.' ಮಂಜು ಒಳಗೆ ಬರಬಾರದು ಅನ್ನುವುದಷ್ಟೇ ತಲೆಯಲ್ಲಿತ್ತು. ಕಿಟಕಿಗಳಿಗೆ ಇನ್ನೂ ಗಾಜು ಕೂರಿಸಿರಲಿಲ್ಲ. ಎರಡು ಪದರು ಪಾಲಿಥಿನ್ ಹೊಡೆದು ಪಟ್ಟಿ ಮೊಳೆ ಬಡಿದರು. ಶುಕ್ರವಾರ ಸಂಜೆ ಹೋಗಿ ನೋಡಿದರೆ ಮುನ್ಷಿ ತನ್ನ ಬುದ್ಧಿಯನ್ನೂ ಸೇರಿಸಿದ್ದ. ತಸಲಾಗಳಲ್ಲಿ ಮಣ್ಣು ಮೆತ್ತಿ ಇದ್ದಿಲಿನ ಅಂಗೀಠಿ ಮಾಡಿ ಕೋಣೆಗೊಂದರಂತೆ ಇಟ್ಟಿದ್ದ. ಹೊರಗೆ ಹಲ್ಲು ಕಡಿಯುವ ಚಳಿ, ಒಳಗೆ ಹೋದರೆ ಅವ್ವನ ಅಡಿಗೆಮನೆಗೆ ಹೋದಂತಾಯಿತು. ಹೊಗೆ ಇರಲಿಲ್ಲ. ಇದ್ದಿಲು ಹೊತ್ತಿ, ಹೊಗೆಯಾಡಿ ಮುಗಿದು, ಕೆಂಪಗೆ ಕೆಂಡವಾದ ಮೇಲೆ ಒಳಗೆ ತಂದಿದ್ದರು. ನಾನು ಕೈ ಕಾಯಿಸಿಕೊಂಡು "ಅಚ್ಛಾ ಹೈ" ಅಂದೆ. ಅಂದದ್ದು ಅಷ್ಟೇ.

ಕೆಂಡ ಕೆಂಪಗೆ, ಹೊಗೆಯಿಲ್ಲದೆ, ನೋಡಲು ಚೆಂದ ಇದ್ದಾಗಲೇ ಅದರಿಂದ ಕಾರ್ಬನ್ ಮಾನಾಕ್ಸೈಡ್ ಹೊರಡುತ್ತಿರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮು ಬರಿಸುವುದಿಲ್ಲ. ನೆತ್ತರಿನಲ್ಲಿ ಆಮ್ಲಜನಕ ಹಿಡಿಯಬೇಕಾದ ಜಾಗವನ್ನು ಅದು ಇನ್ನೂರು ಪಟ್ಟಿಗೂ ಮಿಗಿಲಾದ ಬಿಗಿಯಲ್ಲಿ ಹಿಡಿದುಕೊಳ್ಳುತ್ತದೆ. ಇದನ್ನೆಲ್ಲ ನಾನು ಪಿಯುಸಿಯಲ್ಲಿ ಓದಿ ನಂಬರು ತೆಗೆದುಕೊಂಡಿದ್ದೆ.

2006ರ ಜನವರಿ 8, ಭಾನುವಾರ. ಆ ಬೆಳಿಗ್ಗೆ ಸಫ್ದರ್‌ಜಂಗ್‌ನಲ್ಲಿ 0.2 ಡಿಗ್ರಿ. 1935ರ ನಂತರ ದಿಲ್ಲಿ ಅಷ್ಟು ಚಳಿ ಕಂಡಿರಲಿಲ್ಲ ಅಂತ ಮಾರನೆಯ ದಿನದ ಪೇಪರಿನಲ್ಲಿ ಬಂತು. ಕೂಲಿಯವರು ಇರುತ್ತಿದ್ದದ್ದು ಸೈಟಿನ ಹಿಂದಿನ ತಗಡಿನ ಜೋಪಡಿಗಳಲ್ಲಿ. ತಗಡು ಅಂದರೆ ಅಂಥ ರಾತ್ರಿ ಮಂಜುಗಡ್ಡೆಯ ಕೆಳಗೆ ಮಲಗಿದಂತೆ. ಬುಂದೇಲ್‌ಖಂಡದ ಮೂವರು, ಒಬ್ಬ ಕಾಕಾ, ಅವನ ಅಣ್ಣನ ಮಗ, ಊರಿನವನೇ ಇನ್ನೊಬ್ಬ, ಕಂಬಳಿ ಹೊತ್ತುಕೊಂಡು ಮೂರನೆಯ ಮಹಡಿಗೆ ಹೋಗಿ ಮಲಗಿದರು. ಇಡೀ ಸೈಟಿನಲ್ಲಿ ಬೆಚ್ಚಗಿದ್ದ ಜಾಗ ಅದೊಂದೇ. ನಾನಾಗಿದ್ದರೂ ಅಲ್ಲಿಯೇ ಮಲಗುತ್ತಿದ್ದೆ.

ಕಾಕಾನಿಗೆ ನಸುಕಿನಲ್ಲಿ ವಾಂತಿ ಬಂದು ಎಚ್ಚರವಾಯಿತಂತೆ. ತಲೆ ಸಿಡಿಯುತ್ತಿತ್ತು, ಏಳಲು ಕಾಲಿನಲ್ಲಿ ಬಲವಿರಲಿಲ್ಲ. ತೆವಳಿಕೊಂಡು ಹೋಗಿ ಬಾಲ್ಕನಿಯ ಪಾಲಿಥಿನ್ನನ್ನು ಉಗುರಿನಿಂದ ಹರಿದ. ನಾನು ಪೂರ್ತಿ ಮುಚ್ಚಿಸಿದ್ದ ಪಾಲಿಥಿನ್ನು. ಆಮೇಲೆ ಚೌಕಿದಾರ ತನ್ನ ಅಂಗೀಠಿಗೆ ಎರಡು ಕೆಂಡ ಕೇಳಲು ಮೇಲೆ ಬಂದಿದ್ದಾನೆ. ನಾನು ಆಟೋ ಹಿಡಿದು ಬರುವ ಹೊತ್ತಿಗೆ ಮೂವರನ್ನೂ ಕೆಳಗೆ ಇಳಿಸಿ ಮರಳಿನ ರಾಶಿಯ ಮೇಲೆ ಮಲಗಿಸಿದ್ದರು. ಹುಡುಗನಿಗೆ ಪ್ರಜ್ಞೆ ಇರಲಿಲ್ಲ. ಹತ್ತೊಂಬತ್ತರ ಹುಡುಗ. ಮಲಗಿದವನ ಹಾಗೆಯೇ ಇದ್ದ, ಮುಖವೇನೂ ಕಂದಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು. ಮರಳಿನ ಮೇಲೆ ಬಿಳಿ ಇಬ್ಬನಿ ಕೂತಿತ್ತು.

ಸರಕಾರಿ ಆಸ್ಪತ್ರೆಯಲ್ಲಿ ಎರಡು ದಿನ ಆಮ್ಲಜನಕ ಕೊಟ್ಟರು. ಹುಡುಗ ಬದುಕಿದ. ಮೂರನೆಯ ದಿನ ಎದ್ದು ಕೂತು ಚಹಾ ಕುಡಿದ, ಆದರೆ ಯಾವುದೋ ಮಾತು ಹುಡುಕುವವನ ಹಾಗೆ ನಡುನಡುವೆ ನಿಲ್ಲುತ್ತಿದ್ದ. ಠೇಕೇದಾರ ಆಸ್ಪತ್ರೆಯ ಖರ್ಚು ಕೊಟ್ಟ, ಊರಿಗೆ ಟಿಕೆಟ್ಟು ಕೊಟ್ಟ, ಕೈಗೆ ಒಂದಿಷ್ಟು ಹಣವನ್ನೂ ಕೊಟ್ಟ. ಕೊಡುವ ಮೊದಲು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ. ಅನುಮತಿಯಿಲ್ಲದೆ ಕಟ್ಟಡದೊಳಗೆ ಮಲಗಿದ್ದು ತಮ್ಮದೇ ತಪ್ಪು ಅಂತ ಅದರಲ್ಲಿತ್ತು. ಕೆಳಗೆ ಸಾಕ್ಷಿಯ ಸಹಿ ನನ್ನದು.

ಯಾಕೆ ಹಾಕಿದೆ ಅಂತ ನೀವು ಕೇಳಬಹುದು. ಇಪ್ಪತ್ತಾರು ವರ್ಷ, ದಿಲ್ಲಿಯಲ್ಲಿ ಬಾಡಿಗೆ ಮನೆ, ಊರಿನಲ್ಲಿ ತಂಗಿಯ ಮದುವೆಯ ಮಾತುಕತೆ. ಇವೆಲ್ಲ ಕಾರಣಗಳೇ. ಕಾಕಾ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಗೋಡೆಗೆ ಒರೆಸಿ, "ಸಾಬ್, ದಿವಾರ್ ಸೂಖಿ ಕ್ಯಾ?" ಅಂತ ಕೇಳಿದ. ಕುಹಕ ಇರಲಿಲ್ಲ ಅದರಲ್ಲಿ. ಅವನು ಪ್ಲಾಸ್ಟರ್ ಮಾಡಿದವನು, ಅವನ ಗೋಡೆ ಅದು.

ಗೋಡೆ ಒಣಗಿರಲಿಲ್ಲ. ಅದನ್ನೂ ಹೇಳಲೇಬೇಕು. ಎರಡು ರಾತ್ರಿಯ ಕೆಂಡಕ್ಕೆ ಕೋಣೆಯ ಗಾಳಿ ಬಿಸಿಯಾಯಿತು, ಗೋಡೆಯಿಂದ ಒಂದಿಷ್ಟು ಪಸೆ ಎದ್ದಿತು. ಹೊರಗೆ ಹೋಗಲು ದಾರಿ ಕಾಣದೆ ಆ ಪಸೆ ತಣ್ಣಗಿದ್ದ ಹೊರಗೋಡೆಗೂ ಛಾವಣಿಗೂ ಬೆವರಿನಂತೆ ಅಂಟಿ ಕೂತಿತು. ಐದು ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಏಳು ಗ್ರಾಂ ನೀರು ಹಿಡಿದೀತು. ಇಪ್ಪತ್ತು ಡಿಗ್ರಿಯಲ್ಲಿ ಹದಿನೇಳು. ಬಿಸಿ ಮಾಡುವುದು ಗಾಳಿಯ ಚೀಲವನ್ನು ದೊಡ್ಡದು ಮಾಡಿದಂತೆ, ಅಷ್ಟೇ. ತುಂಬಿದ ಚೀಲವನ್ನು ಹೊರಗೆ ಒಯ್ದು ಚೆಲ್ಲದಿದ್ದರೆ ಏನು ಬಂತು? ಸೀಮೆಎಣ್ಣೆ, ಗ್ಯಾಸಿನ ಹೀಟರುಗಳದು ಇನ್ನೂ ವಿಚಿತ್ರ. ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಒಣಗಿಸಲು ಹೋಗಿ ನೀರು ಹೊಡೆದಂತೆ. ಹೊಗೆಕೊಳವೆಯಿಲ್ಲದ ಬೆಂಕಿಯ ಇಂಗಾಲಾಮ್ಲ ಹಸಿ ಕಾಂಕ್ರೀಟಿನ ನೆಲದ ಮೇಲೆ ಕೂತು ಮೇಲ್ಪದರನ್ನು ಪುಡಿಪುಡಿ ಮಾಡುತ್ತದೆ, ಗುಡಿಸಿದಷ್ಟೂ ಧೂಳು ಏಳುತ್ತದೆ.

ಆಮೇಲೆ ನಾನೇ ನಿಂತು ಪಾಲಿಥಿನ್ ಕೀಳಿಸಿದೆ. ಹನ್ನೊಂದರಿಂದ ನಾಲ್ಕರ ತನಕ ಎದುರುಬದುರಿನ ಕಿಟಕಿಗಳನ್ನು ತೆರೆದಿಟ್ಟು ಎರಡು ಪೆಡೆಸ್ಟಲ್ ಫ್ಯಾನು. ಸಂಜೆ ಮಂಜು ಇಳಿಯುವ ಮೊದಲು ಮುಚ್ಚಿ, ಮೇಲೆ ಒಂದು ಗೇಣು ಸಂದು ಬಿಟ್ಟು, ಒಳಗೆ ಹ್ಯಾಲೊಜೆನ್ ದೀಪಗಳು. ಅವಕ್ಕೆ ಬೆಂಕಿ ಇಲ್ಲ, ಹೊಗೆ ಇಲ್ಲ, ಕರೆಂಟಿನ ಬಿಲ್ಲು ಮಾತ್ರ. ಠೇಕೇದಾರ ಗೊಣಗಿದ. ಗೊಣಗಲಿ. 26ರಂದು ಸದಸ್ಯರು ಬಂದಾಗ ಗೋಡೆಗಳು ಬೂದು ಬಣ್ಣದಲ್ಲೇ ಇದ್ದವು. ಕಾರ್ಯದರ್ಶಿ ಎಲ್ಲರೆದುರು ನನ್ನನ್ನು ಬೈದರು. ಫೆಬ್ರವರಿಯಲ್ಲಿ ಒಣಗಾಳಿ ಶುರುವಾಯಿತು, ಪ್ಲಾಸ್ಟಿಕ್ ಹಾಳೆಯ ಹಿಂದೆ ಹನಿ ಕಟ್ಟುವುದು ನಿಂತಿತು. ಬಣ್ಣ ಹಚ್ಚಿದ್ದು ಹೋಳಿ ಮುಗಿದ ಮೇಲೆ.

2008ರ ಡಿಸೆಂಬರಿನಲ್ಲಿ ನಮ್ಮ ಮಗಳು ಹುಟ್ಟಿದಳು. ಬಾಣಂತನಕ್ಕೆ ಅವ್ವ ದಿಲ್ಲಿಗೆ ಬಂದಳು. ಬರುವಾಗ ಟ್ರಂಕಿನಲ್ಲಿ ಕಬ್ಬಿಣದ ಶೇಗಡಿ. ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವುದು ನಿಮಗೆ ಗೊತ್ತೇ ಇದೆ. ನಾನು ಶೇಗಡಿ ನೋಡಿದ್ದೇ ತಡ ಕಿತ್ತುಕೊಂಡು ಬಾಲ್ಕನಿಯಲ್ಲಿಟ್ಟೆ. ಅವ್ವ ಸಿಟ್ಟಾದಳು. "ನಿನ್ನ ನಾ ಹಂಗ ಕಾಸಿ ಬೆಳಸೀನಿ, ನಿನಗ ಏನಾಗೇತಿ?" ಆಗ ಮೊದಲ ಸಲ ಮೂವರ ಕಥೆ ಮನೆಯಲ್ಲಿ ಹೇಳಿದೆ. ಸಹಿಯ ವಿಷಯ ಬಿಟ್ಟು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಂಡ ಒಳಗಿಟ್ಟು ಬಾಗಲಾ ಹಾಕ್ಕೊಂಡ್ರು? ಯಾರ ಹೇಳಿದ್ರು ಹಂಗ?" ಅಂದಳು. ನಮ್ಮ ಮಾಳಿಗೆ ಮನೆಯ ತಲೆಯ ಮೇಲೆ ಬೆಳಕಿಂಡಿ ಇತ್ತು, ಬಾಣಂತಿ ಕೋಣೆಯ ಬಾಗಿಲಿಗೆ ಒರಳುಗಲ್ಲು ಅಡ್ಡ ಇಟ್ಟು ಅರ್ಧ ತೆರೆದಿರುತ್ತಿದ್ದರು. ಯಾಕೆ ಅಂತ ನಾವು ಕೇಳಿರಲಿಲ್ಲ. ದಿಲ್ಲಿಯ ಫ್ಲ್ಯಾಟಿಗೆ ಬೆಳಕಿಂಡಿ ಎಲ್ಲಿ? ಯಾರು ಹೇಳಿದ್ದು ಅನ್ನುವುದಕ್ಕೆ ನಾನು ಉತ್ತರ ಕೊಡಲಿಲ್ಲ. ಆಯಿಲ್ ಹೀಟರ್ ತರಲು ಲಜಪತ್ ನಗರಕ್ಕೆ ಹೋದೆ.

ಈಗ ದಿಲ್ಲಿಯ ಚಳಿಗಾಲದ ಸೈಟು ಬೇರೆಯೇ ಆಗಿದೆ. 2017ರಲ್ಲಿ ಜಾರಿಗೆ ಬಂದ ಹಂತಹಂತದ ಮಾಲಿನ್ಯ ಯೋಜನೆಯಿಂದಾಗಿ, ಗಾಳಿ ಕೆಟ್ಟಷ್ಟೂ ಕಟ್ಟಡದ ಕೆಲಸಕ್ಕೆ ಕಡಿವಾಣ ಬೀಳುತ್ತದೆ. ತೀರಾ ಕೆಟ್ಟರೆ ಸೈಟೇ ಬಂದ್. ಬಯಲಲ್ಲಿ ಸೌದೆ, ಇದ್ದಿಲು ಉರಿಸುವಂತಿಲ್ಲ, ಕಾವಲುಗಾರರಿಗೆ ವಿದ್ಯುತ್ ಹೀಟರ್ ಕೊಡಬೇಕು ಅನ್ನುತ್ತದೆ ಆದೇಶ. ಗೋಡೆಗಳಿಗೇನೋ ಒಣಗಲು ಪುರಸೊತ್ತು ಸಿಕ್ಕಿತು. ಕೂಲಿಯವರಿಗೆ? ಕೆಲಸ ನಿಂತ ದಿನಗಳಿಗೆ ಕಾರ್ಮಿಕ ಸೆಸ್ ನಿಧಿಯಿಂದ ಹಣ ಕೊಡಿ ಅಂತ 2021ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹೆಸರು ನೋಂದಾಯಿಸಿದವರಿಗೆ ಸಿಗುತ್ತದೆ. ನನ್ನ ಸೈಟುಗಳಲ್ಲಿ ಕೇಳಿದರೆ ಅರ್ಧ ಜನರ ಬಳಿ ಕಾರ್ಡೇ ಇರುವುದಿಲ್ಲ. ಮತ್ತೆ, ಚಳಿಗಾಲ ಬಂತೆಂದರೆ ಮುಚ್ಚಿದ ಕೋಣೆ, ಅಂಗೀಠಿ, ಮಲಗಿದವರು ಏಳಲಿಲ್ಲ ಅನ್ನುವ ಸುದ್ದಿ ಉತ್ತರದ ಪೇಪರುಗಳಲ್ಲಿ ಬರುತ್ತಲೇ ಇರುತ್ತದೆ. ಆ ಪುಟ ಬಂದಾಗ ನಾನು ಊರು ಯಾವುದು, ವಯಸ್ಸು ಎಷ್ಟು ಅಂತ ಮೊದಲು ನೋಡುತ್ತೇನೆ.

2019ರ ಜನವರಿಯಲ್ಲಿ ಕರ್ನಾಟಕ ಸಂಘದ ಪರಿಚಯದ ಒಬ್ಬರು ಊಟಕ್ಕೆ ಕರೆದರು. ವಿಳಾಸ ನೋಡಿದರೆ ಅದೇ ಸೊಸೈಟಿ. ಮನೆ ಬೇರೆ ಬ್ಲಾಕಿನದು, ಆದರೆ ಅದೇ ನಕ್ಷೆ. ಬಾಲ್ಕನಿಯ ಬಾಗಿಲು ಎಲ್ಲಿ, ಯಾವ ಗೋಡೆ ಹೊರಗಿನದು ಅಂತ ಕತ್ತಲೆಯಲ್ಲೂ ಹೇಳಬಲ್ಲೆ. ಕಿಟಕಿಗಳನ್ನೆಲ್ಲ ಭದ್ರವಾಗಿ ಹಾಕಿ, ಸಂದಿಗೆ ಹಳೆಯ ಪೇಪರು ತುರುಕಿ, ನಡುವೆ ಗ್ಯಾಸಿನ ಹೀಟರ್ ಉರಿಸಿಕೊಂಡು ಕೂತಿದ್ದರು. ಬಿಸಿ ಬಿಸಿ ಬಿಸಿಬೇಳೆಭಾತು. ನಾನು ತಟ್ಟೆ ಹಿಡಿದುಕೊಂಡೇ ಎದ್ದು ಹೋಗಿ, ಪೇಪರು ಎಳೆದು ಹಾಕಿ, ಕಿಟಕಿಯನ್ನು ನಾಲ್ಕು ಬೆರಳಷ್ಟು ಸರಿಸಿದೆ.

"ಥಂಡಿ ಬರ್ತದಲ್ರೀ," ಅಂದರು ಮನೆಯೊಡತಿ.

"ಬರಲಿ ಬಿಡ್ರಿ," ಅಂದು ಮತ್ತೊಂದು ಸೌಟು ಹಾಕಿಸಿಕೊಂಡೆ.